ಗೌರಿಯ ಜಾವಳಕ್ಕೆ ಗೌರಿಯ ಒಪ್ಪಿಗೆ

ಮಕ್ಕಳಿಗೆ ಕತೆ ಓದಿ ಹೇಳುವುದು ಅತ್ಯಂತ ನಿರಪಾಯಕಾರಿ ಕೆಲಸ ಎಂದು ನಾನು ನಂಬಿದ್ದೆ. ಮಿಕ್ಸರ್ ರಿಪೇರಿ ಮಾಡಲು ಹೋಗಿ ಕರೆಂಟ್ ಹೊಡೆಸಿಕೊಂಡವರನ್ನು ಕಂಡಿದ್ದೇನೆ. ಯೂಟ್ಯೂಬ್ ನೋಡಿ ಕೇಕ್ ಮಾಡಿ ಬಂಧುಗಳನ್ನು ಕಳೆದುಕೊಂಡವರನ್ನೂ ಕಂಡಿದ್ದೇನೆ. ಆದರೆ ಚಿತ್ರದ ಪುಸ್ತಕ ಓದಿ ಕೆಟ್ಟವರನ್ನು ಮಾತ್ರ ಎಲ್ಲಿಯೂ ಕಂಡಿರಲಿಲ್ಲ. ಈಗ ದಿನಾ ಬೆಳಿಗ್ಗೆ ಕನ್ನಡಿಯಲ್ಲಿ ಕಾಣುತ್ತಿದ್ದೇನೆ!

ನಾನು ಹುಮನಾಬಾದಿನ ಹುಡುಗಿ, ಸಿಸ್ಟರುಗಳ ಶಾಲೆಯಲ್ಲಿ ಕಲಿತವಳು. ಅಲ್ಲಿ ನನಗೆ ಪ್ಲೀಸ್, ಥ್ಯಾಂಕ್ಯೂ, ಸಾರಿ ಎಂಬ ಮಾತುಗಳನ್ನು ಎಷ್ಟು ಚೆನ್ನಾಗಿ ಕಲಿಸಿದ್ದರೆಂದರೆ, ಬಸ್ಸಿನಲ್ಲಿ ಯಾರಾದರೂ ನನ್ನ ಕಾಲು ತುಳಿದರೆ ಇವತ್ತಿಗೂ ನಾನೇ ಸಾರಿ ಹೇಳುತ್ತೇನೆ. ಮದುವೆಯಾಗಿ ಬಂದದ್ದು ಬಸವಕಲ್ಯಾಣಕ್ಕೆ. ನಮ್ಮವರಿಗೆ ಇಲ್ಲಿ ಬೀಜ-ಗೊಬ್ಬರದ ಅಂಗಡಿ ಇದೆ. ಮನೆಯಲ್ಲಿ ನಮ್ಮವರು, ಅತ್ತೆಯವರು, ನಾನು, ಮತ್ತು ಐದು ವರ್ಷದ ಮಗಳು ಗೌರಿ.

ಗೌರಿಯ ಹುಟ್ಟುಹಬ್ಬಕ್ಕೆ ಹೈದರಾಬಾದಿನಲ್ಲಿರುವ ನನ್ನ ತಂಗಿ ಒಂದು ಕಟ್ಟು ಪುಸ್ತಕ ಕಳಿಸಿದಳು. ಎಲ್ಲವೂ ಬಣ್ಣಬಣ್ಣದ ಚಿತ್ರದ ಪುಸ್ತಕಗಳು. ಒಂದರಲ್ಲಿ ಸಿಟ್ಟು, ಅಂಜಿಕೆ, ನಾಚಿಕೆ, ಸಂತೋಷ ಎಂದು ಬಗೆಬಗೆಯ ಮುಖಗಳು. ಇನ್ನೊಂದರಲ್ಲಿ ಕಂಡಕಂಡವರನ್ನೆಲ್ಲ ಸೊಂಡಿಲಿನಿಂದ ಅಪ್ಪಿಕೊಳ್ಳುವ ಒಂದು ಆನೆಮರಿ. ಕಡೆಗೆ ಅದು ಅಪ್ಪಿಕೊಳ್ಳುವ ಮುಂಚೆ ಕೇಳುವುದನ್ನು ಕಲಿಯುತ್ತದೆ. ಪುಸ್ತಕಗಳ ಸಾರಾಂಶ ಇಷ್ಟೇ: ಮಗುವಿನ ಮೈ ಮಗುವಿನದು, ಕೇಳದೆ ಮುಟ್ಟಬಾರದು, ಬೇಡವೆಂದರೆ ಬೇಡ.

ಓದಿ ನನ್ನ ಮೈ ಜುಮ್ಮೆಂದಿತು. ನಮ್ಮ ಓಣಿಗೆ ಬೇಕಾದದ್ದು ಇದೇ ಎಂದು ತೀರ್ಮಾನಿಸಿದೆ. ಓಣಿಯನ್ನು ನಾನು ಕೇಳಲಿಲ್ಲ.

ಮುಂದಿನ ಶನಿವಾರವೇ ನಮ್ಮ ಪಡಸಾಲೆಯಲ್ಲಿ ಕತೆಯ ಕ್ಲಾಸು ಶುರುವಾಯಿತು. ಚಾಪೆ ಹಾಸಿದೆ. ಉಪ್ಪಿಟ್ಟು ಮಾಡಿದೆ. ಓಣಿಯ ಮಕ್ಕಳೆಲ್ಲ ಬಂದರು, ಪುಸ್ತಕಕ್ಕೋ ಉಪ್ಪಿಟ್ಟಿಗೋ ಎಂದು ನಾನು ತನಿಖೆ ಮಾಡಲಿಲ್ಲ. ಪಕ್ಕದ ಮನೆಯ ಶಬಾನಾ ಆಪಾ ತಮ್ಮ ಮಗ ಅಯಾನನನ್ನು ತಲೆ ಬಾಚಿ, ಪೌಡರ್ ಹಚ್ಚಿ, ಫೋಟೋ ತೆಗೆಸುವವರ ಹಾಗೆ ತಯಾರು ಮಾಡಿ ಕಳಿಸಿದ್ದರು.

ನಾನು ಕನ್ನಡಕ ಸರಿಮಾಡಿಕೊಂಡು ಓದಿದೆ. "ಆನೆಮರಿ ಮೊಲಕ್ಕ ಕೇಳ್ತು, ನಾ ನಿನ್ನ ಅಪ್ಪಿಕೊಳ್ಳಲೇನು?"

ಅಯಾನ್ ಕೈ ಎತ್ತಿದ. "ಆಂಟಿ, ಆನಿ ಅಪ್ಪಿಕೊಂಡ್ರ ಮೊಲ ಸಾಯ್ತದಲ್ರಿ?"

"ಅದಕ್ಕೇ ಮೊದಲ ಕೇಳಬೇಕು ಅನ್ನೋದು!" ಎಂದೆ.

ಆ ಉತ್ತರ ನನಗೇ ಬಹಳ ಹಿಡಿಸಿತು. ಅವತ್ತಿಡೀ ದಿನ ಅಡುಗೆ ಮಾಡುತ್ತಾ ಅದನ್ನು ಮತ್ತೆ ಮತ್ತೆ ನೆನಪಿಸಿಕೊಂಡೆ.

ಮಕ್ಕಳಿಗೆ ನಿಯಮ ಬಾಯಿಪಾಠವಾಯಿತು. ಯಾರಾದರೂ ಮುಟ್ಟಿದ್ದು ಹಿಡಿಸದಿದ್ದರೆ ಗಟ್ಟಿಯಾಗಿ "ಬ್ಯಾಡ" ಅನ್ನಬೇಕು. ಅಲ್ಲಿಂದ ಓಡಬೇಕು. ನಂಬಿಕೆಯ ದೊಡ್ಡವರೊಬ್ಬರಿಗೆ ಹೋಗಿ ಹೇಳಬೇಕು. ಆ ನಂಬಿಕೆಯ ದೊಡ್ಡವರು ಯಾರೆಂದು ಪ್ರತಿಯೊಂದು ಮಗುವೂ ಮನಸ್ಸಿನಲ್ಲೇ ಆರಿಸಿಟ್ಟುಕೊಳ್ಳಬೇಕು. ಗೌರಿ ಯಾರನ್ನು ಆರಿಸಿದಳೆಂದು ನಾನು ಕೇಳಲಿಲ್ಲ. ಹೆತ್ತ ತಾಯಿ, ಕ್ಲಾಸಿನ ಸಂಸ್ಥಾಪಕಿ ಎದುರಿಗೇ ಕುಳಿತಿರುವಾಗ ಬೇರೆ ಅಭ್ಯರ್ಥಿ ಎಲ್ಲಿಂದ ಬರಬೇಕು?

ಫಲಿತಾಂಶ ಬೇಗನೆ ಕಾಣತೊಡಗಿತು. ಮೊದಲ ಫಲಿತಾಂಶ ನಮ್ಮವರೇ. ಅಂಗಡಿಯಿಂದ ಬಂದವರು ಎಂದಿನಂತೆ ಕೆನ್ನೆ ಮುಂದೆ ಮಾಡಿ, "ಪಪ್ಪಾಗ ಒಂದು ಮುತ್ತು ಕೊಡು" ಎಂದರು. ಗೌರಿ ಅವರ ಮೀಸೆಯನ್ನು ಒಂದು ಕ್ಷಣ ಪರಿಶೀಲಿಸಿದಳು.

"ಇವತ್ತ ಬ್ಯಾಡ ಪಪ್ಪಾ. ಚುಚ್ಚತದ. ನಾಳಿ ಕೇಳು."

ಅವರು ಹೊಸ್ತಿಲಲ್ಲೇ ನಿಂತುಬಿಟ್ಟರು. "ಏನಿದು, ಸುಜಾತಾ? ಮನ್ಯಾಗೂ ಉದ್ರಿ ಬಂದ್ ಆತೇನು?"

"ಆಕಿ ಮನಸ್ಸಿಗ ಬಂದದ್ದು ಆಕಿ ಹೇಳಾಕತ್ತಾಳ್ರಿ. ನೀವು ಖುಷಿ ಪಡಬೇಕು" ಎಂದು ನಾನು ಗಂಭೀರವಾಗಿ ಹೇಳಿದೆ.

ಅವರು ಖುಷಿ ಪಡುತ್ತಾ, ಮುಖ ಸಣ್ಣದು ಮಾಡಿಕೊಂಡು ಕೈಕಾಲು ತೊಳೆಯಲು ಹೋದರು.

ಆಮೇಲೆ ತರಕಾರಿ ಮಾರುವ ಕಾಶಮ್ಮ. ಅವಳು ಗೌರಿಯ ಗಲ್ಲ ಹಿಂಡದೆ ಕೊತ್ತಂಬರಿ ಕೊಟ್ಟವಳೇ ಅಲ್ಲ. ಈ ಸಲ ಕೈ ಚಾಚಿದ್ದೇ ತಡ, ಗೌರಿ ಎರಡು ಹೆಜ್ಜೆ ಹಿಂದೆ ಸರಿದು, "ನನ್ನ ಗಲ್ಲ ಬದನಿಕಾಯಿ ಅಲ್ಲ, ಹಿಚುಕಿ ನೋಡಬ್ಯಾಡ" ಎಂದಳು. ಕಾಶಮ್ಮ ನಕ್ಕು ನಕ್ಕು ಬುಟ್ಟಿ ಇಳಿಸಿ ಕೂತಳು. ಅಂದಿನಿಂದ ಅವಳು ಓಣಿಗೆ ಬಂದೊಡನೆ, "ಗೌರಮ್ಮಾರ ಪರವಾನಗಿ ಅದನೋ ಇಲ್ಲೋ?" ಎಂದು ಕೂಗುವುದು ರೂಢಿಯಾಯಿತು.

ಮೂರನೆಯ ಫಲಿತಾಂಶ ಗೋಡೆ ಹಾರಿ ಪಕ್ಕದ ಮನೆಗೆ ಹೋಯಿತು. ಶಬಾನಾ ಆಪಾ ಕೈಯಲ್ಲಿ ಎಣ್ಣೆ ಶೀಶೆ ಹಿಡಿದುಕೊಂಡೇ ಬಂದರು.

"ಸುಜಾತಾ, ನಿಮ್ಮ ಕ್ಲಾಸಿಗೆ ಕಳಿಸಿ ನಾ ಪರೇಶಾನ್ ಆಗೀನಿ ನೋಡ್ರಿ. ನಮ್ಮ ಅಮ್ಮಿ ಇವನ ತಲಿಗ ಎಣ್ಣಿ ಹಚ್ಚಾಕ ಹೋದ್ರ, 'ನಾನೀ, ನನ್ನ ತಲಿ ನಂದು' ಅಂತಾನ!"

"ಅಮ್ಮಿ ಏನಂದ್ರು?"

"ಏನಂತಾರ? 'ನಿಮ್ಮವ್ವನ ತಲೀನೂ ನಾನೇ ತಿಕ್ಕೀನಿ, ಆಕಿಗೆ ಯಾವಾಗ ಕೇಳಿದ್ದೆ' ಅಂತ ನನ್ನ ಮ್ಯಾಲ ಬಂದ್ರು. ಅರ್ಧಾ ತಾಸು ಶೀಶೆ ಹಿಡಕೊಂಡು ಕುಂತಿದ್ರು. ಪರ್ಮಿಶನ್ ಸಿಗಲೇ ಇಲ್ಲ."

ಹೇಳುತ್ತಾ ಹೇಳುತ್ತಾ ಅವರಿಗೇ ನಗು ಬಂತು. ನಾನೂ ನಕ್ಕೆ. ಆದರೆ ಒಳಗೊಳಗೆ ನನಗೆ ಹೆಮ್ಮೆ. ಒಂದು ಓಣಿಯ ಇತಿಹಾಸ ನನ್ನ ಪಡಸಾಲೆಯಲ್ಲಿ ಬದಲಾಗುತ್ತಿದೆ!

ಅತ್ತೆಯವರೊಬ್ಬರೇ ಇದಕ್ಕೆ ಒಲಿದಿರಲಿಲ್ಲ. ಅವರು ಹಳ್ಳಿಖೇಡದವರು. ಮಾತು ಕಡಿಮೆ, ಆದರೆ ಆಡಿದ ಮಾತು ಗೋಡೆಗೆ ಮೊಳೆ ಹೊಡೆದ ಹಾಗೆ. ಬತ್ತಿ ಹೊಸೆಯುತ್ತಾ ಕುಳಿತು ಕ್ಲಾಸನ್ನು ದೂರದಿಂದಲೇ ಕೇಳಿಸಿಕೊಳ್ಳುವರು. ಒಂದು ದಿನ ಇಷ್ಟೇ ಅಂದರು: "ಕೂಸಿಗೆ ಎಲ್ಲಾ ಕೇಳಿ ಕೇಳಿ ಮಾಡಿದ್ರ, ಮಾರಿ ತೊಳಿಯೋದು ಯಾವಾಗ?"

ನಾನು ಪುಸ್ತಕ ಓದಿದವರು ಓದದವರ ಕಡೆ ನಗುವಂತೆ ಮೆಲ್ಲಗೆ ನಕ್ಕೆ. ಆ ನಗೆಯನ್ನು ಈಗ ಯಾರಾದರೂ ವಾಪಸ್ ತೆಗೆದುಕೊಳ್ಳುವುದಾದರೆ ಕೊಟ್ಟುಬಿಡುತ್ತೇನೆ.

ಅಷ್ಟರಲ್ಲಿ ಜಾವಳ ಬಂತು.

ಗೌರಿ ಹುಟ್ಟುವ ಮೊದಲೇ ಅತ್ತೆಯವರು ಹುಮನಾಬಾದಿನಲ್ಲಿರುವ ಮನೆದೇವರಿಗೆ ಹರಕೆ ಹೊತ್ತಿದ್ದರು: ಮಗುವಿನ ಮೊದಲ ಕೂದಲು ನಿನ್ನ ಗುಡಿಯ ಕಟ್ಟೆಯ ಮೇಲೇ ತೆಗೆಸುತ್ತೇನೆ ಎಂದು. ಜಾವಳವನ್ನು ನಮ್ಮಲ್ಲಿ ಬೆಸ ವರ್ಷದಲ್ಲೇ ಮಾಡಬೇಕು. ಒಂದನೆಯ ವರ್ಷ ಮನೆಯಲ್ಲಿ ಸೂತಕ ಬಂತು. ಮೂರನೆಯ ವರ್ಷ ಗೌರಿಗೆ ಮೈಮೇಲೆ ಅಮ್ಮ ಎದ್ದಳು. ಹೀಗಾಗಿ ಐದನೆಯ ವರ್ಷಕ್ಕೆ ಬಂದು ನಿಂತಿತು. ಇಷ್ಟರಲ್ಲಿ ಕತ್ತರಿ ಕಾಣದ ಆ ಕೂದಲು ಸೊಂಟದವರೆಗೆ ಇಳಿದು, ಎರಡು ಜಡೆಯಾಗಿ, ಕೆಂಪು ರಿಬ್ಬನ್ನಿನ ಹೂವಾಗಿ, ಗೌರಿಯ ಜೊತೆಗೇ ಶಾಲೆಗೆ ಹೋಗಿಬರುತ್ತಿತ್ತು.

ಸೋದರಮಾವನ ತೊಡೆಯ ಮೇಲೆ ಮಗುವನ್ನು ಕೂಡಿಸಿ, ಅವನ ಕೈಯಿಂದ ಮೊದಲ ಎಳೆ ಕತ್ತರಿಸಿ, ಆಮೇಲೆ ತಲೆ ಪೂರ್ತಿ ಬೋಳಿಸುವುದು ಕ್ರಮ. ನನ್ನ ಅಣ್ಣ ಜಗಣ್ಣ ಹುಮನಾಬಾದಿನಲ್ಲೇ ಇದ್ದಾನೆ. ಊಟದ ವ್ಯವಸ್ಥೆ ಅವನ ಮನೆಯಲ್ಲಿ. ಬೀಗರು, ಬಿಜ್ಜರು ಎಲ್ಲರಿಗೂ ಹೇಳಿಯಾಗಿತ್ತು. ಹಳ್ಳಿಖೇಡದಿಂದ ಅತ್ತೆಯವರ ಅಕ್ಕತಂಗಿಯರು ಬರುವವರಿದ್ದರು. ಐದು ವರ್ಷದಿಂದ ಆ ಅಕ್ಕತಂಗಿಯರು ಫೋನು ಮಾಡಿದಾಗಲೆಲ್ಲ ಮೊದಲು ಕೇಳುತ್ತಿದ್ದದ್ದು ಒಂದೇ: "ಹರಕಿ ತೀರ್ತೇನು?" ಅತ್ತೆಯವರು "ಈ ವರ್ಷ ತೀರ್ತದ" ಎಂದು ಹೇಳಿ ಫೋನಿಟ್ಟು, ಸೆರಗಿನಿಂದ ಮುಖ ಒರೆಸಿಕೊಳ್ಳುವುದನ್ನು ನಾನು ನೋಡಿದ್ದೆ.

ಹೊರಡುವ ಹಿಂದಿನ ದಿನ ಅತ್ತೆಯವರು ನನ್ನನ್ನು ಒಳಗೆ ಕರೆದರು.

"ಸುಜಾತಾ, ನಾಳಿ ಕೂಸಿಗೆ ಏನೂ ಹೇಳಬ್ಯಾಡ. ಸುಮ್ನ ಮಾಮಾನ ತೊಡಿ ಮ್ಯಾಲ ಕೂಡಿಸು. ಐದು ಮಿನಿಟಿನ ಕೆಲಸ."

"ಇಲ್ರಿ ಅತ್ತಿ, ಕೇಳದೇ ಹ್ಯಾಂಗ? ಪುಸ್ತಕದಾಗ ಏನದ ಅಂದ್ರ..."

"ಕೇಳಿದ್ರ ಬ್ಯಾಡ ಅಂದ್ರ?"

"ಅನ್ನಂಗಿಲ್ರಿ! ಪ್ರೀತಿಲಿ ಕೇಳಿದ್ರ ಮಕ್ಕಳು ಹೂಂ ಅಂತಾವ."

ಇದು ಯಾವ ಪುಸ್ತಕದಲ್ಲೂ ಇರಲಿಲ್ಲ. ನನ್ನ ಸ್ವಂತ ಸಂಶೋಧನೆ.

ಮರುದಿನ ಒಂದು ಕ್ರೂಸರ್ ಜೀಪಿನ ತುಂಬ ಜನ ಹೊರಟೆವು. ಅಯಾನ್ ಮತ್ತು ಓಣಿಯ ಇನ್ನಷ್ಟು ಮಕ್ಕಳೂ ಬಂದರು. ಗೌರಿಯ ಸಂಭ್ರಮಕ್ಕೆ ನಾನೇ ಕರೆದಿದ್ದೆ. ಜೊತೆಗೆ ಬಂದ ಶಬಾನಾ ಆಪಾ ಗೌರಿಗೆಂದು ಹಸಿರು ಬಳೆ ತಂದಿದ್ದರು. ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳು. ಮಕ್ಕಳು ಒಂದೊಂದಕ್ಕೂ ಕೈಬೀಸುತ್ತಾ, ಡ್ರೈವರುಗಳು ಹಾರ್ನ್ ಹೊಡೆಯುತ್ತಾ, ನಾವು ಹುಮನಾಬಾದು ತಲುಪಿದ್ದೇ ಒಂದು ಮೆರವಣಿಗೆಯ ಹಾಗಿತ್ತು.

ಗುಡಿಯ ಕಟ್ಟೆಯ ಮೇಲೆ ಎಲ್ಲವೂ ಸಿದ್ಧವಾಗಿತ್ತು. ಕ್ಷೌರದ ಮಾರುತಿ ತಗಡಿನ ಪೆಟ್ಟಿಗೆ ತೆರೆದು, ಅದರ ಮುಚ್ಚಳದ ಒಳಗಿನ ಕನ್ನಡಿ ಒರೆಸಿ, ಕತ್ತರಿಗೆ ಅರಿಶಿನ ಹಚ್ಚಿಕೊಂಡು ಕುಳಿತಿದ್ದ. ಜಗಣ್ಣ ಹೊಸ ಧೋತರ ಉಟ್ಟು, ಜಾರುವ ಗಂಟನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಮಣೆಯ ಮೇಲೆ ಆಸೀನನಾಗಿದ್ದ. ಹಳ್ಳಿಖೇಡದ ಅಕ್ಕತಂಗಿಯರು ಮುಂದಿನ ಸಾಲಿನಲ್ಲಿ. ಪೂಜಾರಪ್ಪನವರು, "ನಡೀಲಿ ನಡೀಲಿ, ಹೊತ್ತಾಗಾಕತ್ತದ" ಎಂದರು. ಅತ್ತೆಯವರು ಗೌರಿಯ ಹೆಗಲ ಮೇಲೆ ಕೈಯಿಟ್ಟು ಮೆಲ್ಲಗೆ ಮುಂದೆ ನೂಕಿದರು.

ಅಲ್ಲಿಗೆ ಸುಮ್ಮನಿದ್ದಿದ್ದರೆ ಎಲ್ಲ ಮುಗಿದುಹೋಗುತ್ತಿತ್ತು. ಆದರೆ ಅಷ್ಟು ಜನರನ್ನು ಒಂದೇ ಕಡೆ ನೋಡಿದ ಕೂಡಲೇ ನನಗೊಂದು ಆಸೆ ಹುಟ್ಟಿತು. ಬರೀ ಒಂದು ಓಣಿ ಯಾಕೆ, ಎರಡು ತಾಲ್ಲೂಕಿನ ನೆಂಟರೆಲ್ಲ ನೋಡಲಿ ನನ್ನ ಪದ್ಧತಿಯನ್ನು!

"ಒಂದ್ ಮಿನಿಟು" ಎಂದೆ. ಎಲ್ಲರೂ ತಿರುಗಿದರು. ನಾನು ಮೊಣಕಾಲೂರಿ ಗೌರಿಯ ಕಣ್ಣಿನ ಎತ್ತರಕ್ಕೆ ಕುಳಿತೆ. ಪುಸ್ತಕದಲ್ಲಿ ಹಾಗೇ ಕುಳಿತುಕೊಳ್ಳುತ್ತಾರೆ. ಗಟ್ಟಿಯಾಗಿ, ಹಿಂದಿನ ಸಾಲಿಗೂ ಕೇಳುವಂತೆ ಅಂದೆ: "ಗೌರೀ, ನಿನ್ನ ತಲಿ ನಿಂದು. ಮಾರುತಿ ಕಾಕಾ ನಿನ್ನ ಕೂದಲ ಪೂರ್ತಿ ತೆಗೀಲೇನು?"

ಗೌರಿ ಮಾರುತಿಯನ್ನು ನೋಡಿದಳು. ಕತ್ತರಿ ನೋಡಿದಳು. ತನ್ನ ಜಡೆಯೊಂದನ್ನು ಮುಂದೆ ತಂದುಕೊಂಡು ರಿಬ್ಬನ್ ನೋಡಿದಳು.

"ಬ್ಯಾಡ."

ಹಳ್ಳಿಖೇಡದ ಸಾಲಿನಲ್ಲಿ ಒಂದು ಬಳೆ ಸದ್ದಾಯಿತು.

"ಹಂಗಲ್ಲ ಪುಟ್ಟೀ, ಇನ್ನೊಮ್ಮಿ ವಿಚಾರ ಮಾಡು" ಎಂದೆ.

"ಮಾಡ್ದೆ. ಬ್ಯಾಡ."

ಜಗಣ್ಣ ಸಹಾಯಕ್ಕೆ ಬಂದ. ಕಿಸೆಯಿಂದ ದೊಡ್ಡ ಚಾಕೊಲೇಟ್ ತೆಗೆದು ತೋರಿಸಿದ. "ಬಾ ಅವ್ವಿ, ಮಾಮಾನ ತೊಡಿ ಮ್ಯಾಲ ಕೂಡು, ಇದು ನಿನಗ."

ಹಿಂದಿನಿಂದ ಅಯಾನ್ ಕಿರುಚಿದ: "ಗೌರೀ, ತಗೋಬ್ಯಾಡ! ಚಾಕೊಲೇಟ್ ತೋರಿಸಿ ಕರಿಯೋರು ಕೆಟ್ಟೋರು!"

ಹೊಸ ಧೋತರದ ಸೋದರಮಾವ, ತವರಿನ ಹಿರಿಯ, ಊರಿನ ಗಣ್ಯ ವ್ಯಕ್ತಿ, ಚಾಕೊಲೇಟನ್ನು ಧೋತರದ ಕೆಳಗೆ ಬಚ್ಚಿಟ್ಟುಕೊಂಡ. "ಸುಜೀ, ಏನ್ ಕಲಿಸೀಯ ಇವಕ್ಕ?" ಎಂದು ನನ್ನ ಕಡೆ ನೋಡಿದ. ಸಾರಿ ಎಂದೆ.

ಪೂಜಾರಪ್ಪನವರು ಧ್ವನಿ ದಪ್ಪ ಮಾಡಿದರು. "ಕೂಸಾ, ಹಂಗ ಅಂದ್ರ ದೇವರಿಗೆ ಸಿಟ್ಟು ಬರ್ತದ."

ಗೌರಿ ಗರ್ಭಗುಡಿಯ ಕಡೆ ಕನಿಕರದಿಂದ ನೋಡಿದಳು. "ಸಿಟ್ಟು ಬಂದ್ರ ಜೋರಾಗಿ ಉಸಿರು ತಗೊಂಡು ಹತ್ತ ತನಕ ಎಣಿಸಬೇಕು. ದೇವರಿಗೆ ಹೇಳ್ರಿ."

ಪೂಜಾರಪ್ಪನವರ ಸೇವಾವಧಿಯಲ್ಲಿ ದೇವರಿಗೆ ಇಂಥ ಸಲಹೆ ಬಂದದ್ದು ಇದೇ ಮೊದಲಿರಬೇಕು.

ಅಷ್ಟರಲ್ಲಿ ಓಣಿಯ ಮಕ್ಕಳೆಲ್ಲ ಕಟ್ಟೆಯ ಮೇಲೆ ಹತ್ತಿ ಗೌರಿಯ ಸುತ್ತ ನಿಂತರು. ನಾನು ಕಲಿಸಿದ ರಾಗದಲ್ಲಿ, ನಾನು ಕಲಿಸಿದ ಚಪ್ಪಾಳೆಯ ತಾಳದಲ್ಲಿ ಶುರು ಮಾಡಿದರು: "ಬ್ಯಾಡ ಅಂದ್ರ ಬ್ಯಾಡ! ಬ್ಯಾಡ ಅಂದ್ರ ಬ್ಯಾಡ!" ಗುಡಿಗೆ ಬಂದ ಬೇರೆ ಭಕ್ತರೂ ಏನೋ ಭಜನೆಯೆಂದು ನಿಂತು ಚಪ್ಪಾಳೆ ಹಾಕಿದರು.

ಮಾರುತಿ ನನ್ನ ಕಡೆ ಬಗ್ಗಿ ಕೇಳಿದ: "ಅಕ್ಕೋರ, ನಾ ಕತ್ತರಿ ಹಿಡೀಲೋ, ಚಾ ಕುಡದು ಬರಲೋ?"

ನಮ್ಮವರು ಕಂಬದ ಹಿಂದೆ ನಿಂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಾನು ಅತ್ತೆಯವರ ಮುಖ ನೋಡಿದೆ. ಅವರು ನಗುತ್ತಿರಲಿಲ್ಲ. ಐದು ವರ್ಷ ಹೊತ್ತ ಹರಕೆ, ಅಕ್ಕತಂಗಿಯರ ಎದುರಿಗೆ, ನನ್ನ ಒಂದು ಪ್ರಶ್ನೆಯಿಂದ ನೆಲಕ್ಕೆ ಬಿದ್ದಿತ್ತು. ಅವರ ಕೈ ಸೆರಗಿನ ತುದಿಯನ್ನು ಸುತ್ತುತ್ತಿತ್ತು, ಬಿಚ್ಚುತ್ತಿತ್ತು. ಮಗಳನ್ನು ಎಳೆದು ಕೂಡಿಸಿದರೆ ಇಷ್ಟು ದಿನ ಕಲಿಸಿದ್ದೆಲ್ಲ ಸುಳ್ಳು. ಬಿಟ್ಟರೆ ಅತ್ತೆಯವರ ಮುಖ ನೋಡುವುದು ಹೇಗೆ?

ಗೌರಿ ಮಾತ್ರ ನಿಯಮ ಮರೆತಿರಲಿಲ್ಲ. ಬ್ಯಾಡ ಅಂದಾಗಿತ್ತು. ಇನ್ನು ಓಡಬೇಕು, ನಂಬಿಕೆಯ ದೊಡ್ಡವರಿಗೆ ಹೇಳಬೇಕು. ಅವಳು ಓಡಿದಳು. ನಾನು ಎರಡೂ ಕೈ ಚಾಚಿದೆ. ಅವಳು ನನ್ನ ಪಕ್ಕದಿಂದ ಹಾದುಹೋದಳು! ಕಂಬದ ಹಿಂದಿನ ಪಪ್ಪಾನನ್ನೂ ದಾಟಿ, ನೇರ ಹೋಗಿ ಅತ್ತೆಯವರ ಸೀರೆ ಹಿಡಿದುಕೊಂಡಳು.

"ಆಯಿ, ಇವರು ನನ್ನ ಕೂದಲ ತೆಗೀತಾರಂತ. ನಾ ಬ್ಯಾಡ ಅಂದ್ರೂ ಕೇಳವಲ್ರು. ನೀ ಹೇಳು ಇವರಿಗೆ."

ಮೂಲ ಹರಕೆ ಹೊತ್ತವರ ಕಚೇರಿಯಲ್ಲೇ ಹರಕೆಯ ವಿರುದ್ಧ ದೂರು ದಾಖಲಾಯಿತು!

ಎಲ್ಲರೂ ಅತ್ತೆಯವರನ್ನೇ ನೋಡುತ್ತಿದ್ದರು. ಅವರು ಮಂಡಿ ನೋವಿನ ಕಾಲು ನಿಧಾನವಾಗಿ ಮಡಚಿ ಕಟ್ಟೆಯ ಕಲ್ಲಿನ ಮೇಲೆ ಕುಳಿತು, ಗೌರಿಯನ್ನು ಎದುರಿಗೆ ನಿಲ್ಲಿಸಿಕೊಂಡರು.

"ಯಾಕ ಬ್ಯಾಡ, ನನ್ನವ್ವಾ? ಏನ್ ಅಂಜಿಕಿ?"

ಗೌರಿ ಸುತ್ತ ನೋಡಿ, ಆಯಿಯ ಕಿವಿಯ ಹತ್ತಿರ ಹೋಗಿ, ಆದರೆ ಎಲ್ಲರಿಗೂ ಕೇಳುವ ಹಾಗೆ ಪಿಸುಗುಟ್ಟಿದಳು: "ತೆಗದ ಮ್ಯಾಲ ಮತ್ತ ಬರಂಗಿಲ್ಲಲ್ಲ."

"ಯಾರಂದ್ರು? ಬರ್ತದ!"

"ಪಪ್ಪಾಂದು ಬಂದಿಲ್ಲ."

ಕಂಬದ ಹಿಂದಿನ ನಗು ತಟ್ಟನೆ ನಿಂತಿತು. ನೆರೆದವರೆಲ್ಲ ನಮ್ಮವರ ನೆತ್ತಿಯ ಕಡೆ ತಿರುಗಿದರು. ಬಿಸಿಲು ಅದರ ಮೇಲೆ ನೇರವಾಗಿ ಬಿದ್ದಿತ್ತು. ಅವರು ಟವೆಲ್ ತೆಗೆದು ಮೆಲ್ಲಗೆ ತಲೆಗೆ ಸುತ್ತಿಕೊಂಡರು.

ನಾನು ಅಲ್ಲೇ ಹಣೆ ಚಚ್ಚಿಕೊಂಡೆ. ಸಿಟ್ಟು ಬಂದರೆ ಏನು ಮಾಡಬೇಕು, ಅಂಜಿಕೆಯ ಬಣ್ಣ ಯಾವುದು, ಎಲ್ಲ ಹೇಳಿಕೊಟ್ಟಿದ್ದೆ. ಬೋಳಿಸಿದ ಕೂದಲು ಮತ್ತೆ ಬೆಳೆಯುತ್ತದೆ ಎಂಬ ಒಂದು ಮಾತನ್ನು ಮಾತ್ರ ಹೇಳಿರಲಿಲ್ಲ!

ಅತ್ತೆಯವರು ನಗಲಿಲ್ಲ. "ನೋಡಿಲ್ಲಿ" ಎಂದವರೇ ಸೆರಗು ಸರಿಸಿ, ತುರುಬಿನ ಪಿನ್ನು ಒಂದೊಂದಾಗಿ ಕಿತ್ತು ಗೌರಿಯ ಅಂಗೈಯಲ್ಲಿಟ್ಟರು. ಬೆಳ್ಳಿಯಂಥ ಕೂದಲು ಬಿಚ್ಚಿಕೊಂಡು ಕಟ್ಟೆಯ ಕಲ್ಲಿನವರೆಗೆ ಇಳಿಯಿತು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಅದು ಅಷ್ಟುದ್ದವಿದೆಯೆಂದು ನನಗೆ ಗೊತ್ತಿರಲಿಲ್ಲ.

"ನಾನೂ ಸಣ್ಣಾಕಿದ್ದಾಗ ಪೂರ್ತಿ ಕೊಟ್ಟೀನಿ. ಬಂತಲ್ಲ? ನಿಮ್ಮಪ್ಪಂದು ಬ್ಯಾರೆ. ಅದು ಚಿಂತಿಗೆ ಹೋಗ್ಯದ."

"ಎಂಥಾ ಚಿಂತಿ?"

"ಗೊಬ್ಬರದ್ದು."

ಗೌರಿ ಬೆಳ್ಳಿ ಕೂದಲನ್ನು ಮುಟ್ಟುವ ಮುಂಚೆ, "ಮುಟ್ಲೇನು?" ಎಂದು ಕೇಳಿದಳು. "ಮುಟ್ಟು" ಎಂದರು. ಮುಟ್ಟಿ ನೋಡಿ ಸಮಾಧಾನವಾದ ಮೇಲೆ ಮುಂದಿನ ಪ್ರಶ್ನೆ ಬಂತು. "ಆದ್ರ ನನ್ನ ಕೂದಲ ದೇವರಿಗೆ ಕೊಡ್ತೀನಿ ಅಂತ ಹೇಳಿದ್ದು ಯಾರು?"

"ನಾನೇ."

"ನನಗ ಕೇಳ್ದಿ?"

"ನೀ ಆಗ ನಿಮ್ಮವ್ವನ ಹೊಟ್ಟ್ಯಾಗಿದ್ದಿ. ಹ್ಯಾಂಗ ಕೇಳಲಿ?" ಅತ್ತೆಯವರು ಒಂದು ಕ್ಷಣ ನನ್ನ ಕಡೆ ನೋಡಿದರು. "ನಿಮ್ಮವ್ವಗ ಭಾಳ ಆರಾಮ ಇರಲಿಲ್ಲ. ಬೀದರ್ ದವಾಖಾನಿ ಬಾಗಲದಾಗ ನಿಂತು ಬೇಡಿಕೊಂಡಿದ್ದೆ, ಇಬ್ರೂ ಮನಿಗೆ ನಡಕೊಂತ ಬರಲಿ ಅಂತ. ಬರೇ ನಿನಗಂತಲ್ಲ. ಇಬ್ರಿಗೂ."

ಇದನ್ನು ಅವರು ನನಗೆ ಯಾವತ್ತೂ ಹೇಳಿರಲಿಲ್ಲ. ಹರಕೆ ಮೊಮ್ಮಗಳಿಗೆಂದೇ ನಾನು ತಿಳಿದಿದ್ದೆ. ಕಣ್ಣಲ್ಲಿ ಏನೋ ಬಿದ್ದವಳಂತೆ ಸೆರಗು ಹುಡುಕಿದೆ. ಶಬಾನಾ ಆಪಾ ತಮ್ಮ ದುಪಟ್ಟಾದ ತುದಿ ಕೊಟ್ಟರು.

"ಕೇಳದೇ ಹೇಳಿದ್ದು ನಂದು ತಪ್ಪಾತು. ಈಗ ಕೇಳಾಕತ್ತೀನಿ. ಕೊಡ್ತೀಯೇನು, ಗೌರವ್ವಾ?" ಎಂದರು ಅತ್ತೆಯವರು.

ಹಳ್ಳಿಖೇಡದ ದೊಡ್ಡಕ್ಕನವರು ಉಸಿರು ಬಿಗಿಹಿಡಿದರು. ಜಗಣ್ಣ ಧೋತರ ಬಿಗಿಹಿಡಿದ.

"ಕೊಡ್ತೀನಿ" ಎಂದಳು ಗೌರಿ. ಎರಡೂ ಜಡೆಯ ತುದಿ ಹಿಡಿದು, ಒಂದು ಗೇಣಿನಷ್ಟು ತೋರಿಸಿದಳು. "ಇಷ್ಟು."

ಎಲ್ಲರೂ ಪೂಜಾರಪ್ಪನವರ ಕಡೆ ನೋಡಿದರು. ಅವರು ದೇವರ ಪರವಾಗಿ ಸ್ವಲ್ಪ ಯೋಚಿಸಿದರು. "ಮನಸ್ಸಿನಿಂದ ಕೊಟ್ರ ಆತು. ದೇವರು ಗೇಣು ಹಾಕಿ ಅಳಿಯಂಗಿಲ್ಲ."

ಕಟ್ಟೆಯ ಮೇಲೆ ಹೋ ಎಂದು ಗದ್ದಲವೆದ್ದಿತು. ಗೌರಿ ತಾನೇ ನಡೆದುಹೋಗಿ ಮಾಮಾನ ತೊಡೆಯೇರಿ ಕುಳಿತಳು. ಜಗಣ್ಣ ಕತ್ತರಿ ಹಿಡಿದು, "ಮಾಡ್ಲೇನ್ರಿ ಗೌರಮ್ಮಾರ?" ಎಂದು ಕೇಳಿಯೇ ಕತ್ತರಿಸಿದ. ಹಳ್ಳಿಖೇಡದ ಅಕ್ಕತಂಗಿಯರು ಕೊಬ್ಬರಿ ಸಕ್ಕರೆ ಹಂಚಿದರು. ಅತ್ತೆಯವರ ಮುಖ ನೋಡಿ ನನಗೆ ಆನಂದಬಾಷ್ಪ ಬಂತು. ಎಲ್ಲವೂ ಸುಖಾಂತವಾಯಿತು.

ಆಗಬೇಕಿತ್ತು. ಆದರೆ ಗೌರಿ ತೊಡೆಯಿಂದ ಇಳಿಯುತ್ತಾ ಅಂದಳು: "ಉಳಿದದ್ದು ಮಮ್ಮಿ ಕೊಡ್ತಾಳ."

"ಏನು?" ಎಂದೆ.

"ಆಯಿ ಇಬ್ರಿಗೂ ಬೇಡಿಕೊಂಡಾಳಲ್ಲ? ನಂದು ನಾ ಕೊಟ್ಟೆ. ನಿಂದು ನೀ ಕೊಡು."

ಹಳ್ಳಿಖೇಡದ ದೊಡ್ಡಕ್ಕನವರು ತಲೆದೂಗಿದರು. "ಕೂಸು ಖರೇನೇ ಹೇಳಾಕತ್ತದ."

ಇಡೀ ಕಟ್ಟೆ ನನ್ನತ್ತ ತಿರುಗಿತು. ನನ್ನ ಕೂದಲಿನ ಬಗ್ಗೆ ಇಲ್ಲಿಯವರೆಗೆ ಹೇಳಲಿಲ್ಲ. ಹೇಳುವ ಸಂದರ್ಭ ಬಂದಿರಲಿಲ್ಲ. ನನಗೆ ಇರುವ ಒಂದೇ ಒಂದು ಅಹಂಕಾರ ಅದು. ದಾಸವಾಳ, ಮೆಂತ್ಯ, ಏನೇನೋ ಹಚ್ಚಿ ಬೆಳೆಸಿದ್ದೆ. ಈ ಸಮಾರಂಭಕ್ಕೆಂದೇ ಸಾಗರ ಚೋಟಿಯ ಜಡೆ ಹಾಕಿಕೊಂಡು ಮಲ್ಲಿಗೆ ಸುತ್ತಿದ್ದೆ.

ಗೌರಿ ನನ್ನ ಮುಂದೆ ಬಂದು ಮೊಣಕಾಲೂರಲು ಹೋದಳು. ಹಾಗೆ ಮಾಡಿದರೆ ಇನ್ನೂ ಗಿಡ್ಡಳಾಗುತ್ತೇನೆಂದು ಗೊತ್ತಾಗಿ ಎದ್ದು, ನನ್ನನ್ನೇ ಕೂಡಿಸಿದಳು. ಕಣ್ಣಿಗೆ ಕಣ್ಣಿಟ್ಟು ಕೇಳಿದಳು:

"ಮಮ್ಮಿ, ನಿನ್ನ ತಲಿ ನಿಂದು. ಕೊಡ್ತೀಯೇನು? ಬ್ಯಾಡಾದ್ರ ಬ್ಯಾಡ ಅನ್ನು. ನಾ ಸಿಟ್ಟಾಗಂಗಿಲ್ಲ."

ಎಷ್ಟು ಶುದ್ಧವಾದ ಪ್ರಶ್ನೆ! ಬಲವಂತವಿಲ್ಲ, ಆಮಿಷವಿಲ್ಲ, ಬೆದರಿಕೆಯಿಲ್ಲ. ಅತ್ತೆಯವರೂ, "ಏ, ಬಿಡು, ಆಕಿಗೆ ಬ್ಯಾಡಂದ್ರ ಬ್ಯಾಡ" ಎಂದರು. ನನಗೆ ಬೇಡವಾಗಿತ್ತು. ಬಹಳ ಬೇಡವಾಗಿತ್ತು. ಮನಸ್ಸಿನೊಳಗೆ ಓಣಿಯ ಮಕ್ಕಳೆಲ್ಲ ಚಪ್ಪಾಳೆ ಹೊಡೆದು "ಬ್ಯಾಡ ಅಂದ್ರ ಬ್ಯಾಡ" ಎಂದು ಕೂಗುತ್ತಿದ್ದರು. ಆದರೆ ಎದುರಿಗೆ ಅಕ್ಕತಂಗಿಯರು, ಪೂಜಾರಪ್ಪ, ತವರು, ಕ್ರೂಸರಿನ ಡ್ರೈವರ್. ನನ್ನ ಬಾಯಿ ತೆರೆಯಿತು.

"ಹೂಂ" ಎಂದಿತು.

ಬೆಳಗಿನಿಂದ ಕತ್ತರಿಗೆ ಸರಿಯಾದ ಕೆಲಸ ಸಿಗದೆ ಕುಳಿತಿದ್ದ ಮಾರುತಿಯ ಮುಖ ಅರಳಿತು. "ಎಷ್ಟು ತೆಗೀಲಿ, ಅಕ್ಕೋರ?"

'ಒಂದು ಬೆರಳು' ಎನ್ನಬೇಕೆಂದುಕೊಂಡೆ. "ನೀವು ಹ್ಯಾಂಗ ಅಂತೀರೋ ಹಂಗ್ರಿ" ಎಂದೆ.

ಅವನು ಭುಜದವರೆಗೆ ಕತ್ತರಿಸಿದ. ಸಾಕು ಎನ್ನಲು ಹೋದೆ, ನಾಲಿಗೆಯ ಮೇಲೆ ಬಂದದ್ದು "ಥ್ಯಾಂಕ್ಯೂ." ಅವನು ಹುರುಪಾಗಿ ಕಿವಿಯವರೆಗೆ ಕತ್ತರಿಸಿದ. ಮತ್ತೆ ಥ್ಯಾಂಕ್ಯೂ ಎಂದೆ. ಮೂರನೆಯ ಥ್ಯಾಂಕ್ಯೂ ಬರುವುದರೊಳಗೆ ಶಬಾನಾ ಆಪಾ ಓಡಿಬಂದು ಅವನ ಕೈ ಹಿಡಿದರು. "ಬಸ್ ಮಾಡ್ರಿ ಭಾಯಿ, ಇವರು ನೀವು ಕಿವಿ ಕೊಯ್ದ್ರೂ ಥ್ಯಾಂಕ್ಯೂ ಅಂತಾರ!"

ಪೆಟ್ಟಿಗೆಯ ಕನ್ನಡಿಯಲ್ಲಿ ನೋಡಿಕೊಂಡೆ. ಮೊದಲ ದಿನ ಶಾಲೆಗೆ ಹೊರಟ ಒಬ್ಬ ದುಂಡು ಹುಡುಗ ಅಲ್ಲಿಂದ ನನ್ನನ್ನು ನೋಡುತ್ತಿದ್ದ. ನಮ್ಮವರು ಟವೆಲ್ ಬಿಚ್ಚಿಕೊಂಡು ಪಕ್ಕಕ್ಕೆ ಬಂದು ನಿಂತು, "ಈಗ ನಂದು ಅಷ್ಟು ಎದ್ದು ಕಾಣಂಗಿಲ್ಲ" ಎಂದು ತೃಪ್ತಿಪಟ್ಟರು.

ಊಟಕ್ಕೆ ಜಗಣ್ಣನ ಮನೆಯಲ್ಲಿ ಸಾಲಾಗಿ ಕುಳಿತೆವು. ಒಂದು ಪಕ್ಕ ಅತ್ತೆಯವರು, ಇನ್ನೊಂದು ಪಕ್ಕ ಗೌರಿ. ಅತ್ತೆಯವರು ನನ್ನ ಕತ್ತಿನ ಮೇಲೆ ಅಂಟಿದ್ದ ಕೂದಲ ಚೂರುಗಳನ್ನು ಒಂದೊಂದಾಗಿ ತೆಗೆಯುತ್ತಾ, ನಗು ತಡೆಯುತ್ತಾ ಕುಳಿತಿದ್ದರು. ಕಡೆಗೆ ತಡೆಯಲಾಗದೆ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ನಾನೂ ನಕ್ಕೆ. ಹರಕೆ ತೀರಿತ್ತು, ಅವರ ಹೆಗಲು ಹಗುರಾಗಿತ್ತು. ನನ್ನ ತಲೆಯಂತೂ ಹೇಳುವುದೇ ಬೇಡ.

"ಮಮ್ಮಿ," ಗೌರಿ ಮೊಣಕೈಯಿಂದ ತಿವಿದಳು. "ನೀ ಮನಸ್ಸಿನಿಂದ ಹೂಂ ಅನ್ನಲಿಲ್ಲ."

"ನಿನಗ ಹ್ಯಾಂಗ ಗೊತ್ತು?"

"ನಿನ್ನ ಮಾರಿ ಅಂಜಿದ ಮಾರಿ ಇತ್ತು. ಬ್ಯಾಡ ಅನ್ನಾಕ ಕಲಿ. ಭಾಳ ಸರಳ ಅದ. ಬಾಯಿ ಅಗಲ ತೆರೀಬೇಕು, ಗಟ್ಟಿ ಅನ್ನಬೇಕು. ಅದೋ, ಮಾಮಿ ಬಂದ್ಳು. ಈಗ ಅನ್ನು."

ಜಗಣ್ಣನ ಹೆಂಡತಿ, ನನ್ನ ವೈನಿ, ಹೋಳಿಗೆಯ ಬುಟ್ಟಿ ಹಿಡಿದು ಬಂದಿದ್ದರು. ನಾನು ಆಗಲೇ ಮೂರು ತಿಂದು ಉಸಿರಾಡಲು ಜಾಗ ಹುಡುಕುತ್ತಿದ್ದೆ. ಇದಕ್ಕಿಂತ ಸುಲಭದ ಪರೀಕ್ಷೆ ಸಿಗಲಾರದು. ಗೌರಿ ನೋಡುತ್ತಿದ್ದಳು. ಅಯಾನ್ ನೋಡುತ್ತಿದ್ದ. ಬೆನ್ನು ನೆಟ್ಟಗೆ ಮಾಡಿ, ಉಸಿರು ಎಳೆದುಕೊಂಡು, ಮಗಳು ಹೇಳಿಕೊಟ್ಟ ಹಾಗೆಯೇ ಬಾಯಿ ಅಗಲವಾಗಿ ತೆರೆದೆ.

ವೈನಿ ಆ ತೆರೆದ ಬಾಯಿಗೇ ಹೋಳಿಗೆ ಇಟ್ಟರು!

ಅಗಿಯುತ್ತಾ ಥ್ಯಾಂಕ್ಯೂ ಎಂದೆ.